ಇಂಗ್ಲಿಷಿನ ‘ಮೂನ್’: ಅರ್ಥ, ಹುಟ್ಟು, ಬಂಧುಬಳಗ (ಪದೇ ಪದೇ ಕೇಳುವ ಪ್ರಶ್ನೆಗಳು)

ಇಂಗ್ಲಿಷಿನಿಂದ ಕನ್ನಡಕ್ಕೆ ಅನುವಾದ ಮಾಡುವವರು, ಪದಗಳ ಹುಟ್ಟನ್ನು ಹುಡುಕುವ ವಿದ್ಯಾರ್ಥಿಗಳು ನನ್ನಲ್ಲಿ ಕೇಳುತ್ತ ಬಂದ ಪ್ರಶ್ನೆಗಳನ್ನು ಇಲ್ಲಿ ಒಂದೆಡೆ ಸೇರಿಸಿದ್ದೇನೆ. ‘ಮೂನ್ ಎಂದರೆ ಚಂದ್ರ, ಅದರಲ್ಲಿ ಹೇಳುವುದೇನಿದೆ’ ಎಂದು ಶುರುವಾಗುವ ಮಾತು ಸಂಬಳದ ಬಿಲ್ಲು, ಕಾಲೇಜಿನ ಪರೀಕ್ಷೆ, ಕಳ್ಳಭಟ್ಟಿ ಸಾರಾಯಿ ಎಲ್ಲವನ್ನೂ ಸುತ್ತಿ ಬರುತ್ತದೆ.

‘ಮೂನ್’ ಎಂಬ ಪದ ಎಲ್ಲಿಂದ ಬಂತು?

ಸುಮಾರು 1100ಕ್ಕಿಂತ ಹಿಂದಿನ ಇಂಗ್ಲಿಷಿನಲ್ಲಿ ಈ ಪದ ‘ಮೋನ’ ಎಂದಿತ್ತು. ಜರ್ಮನಿನ ‘ಮೋಂಟ್’, ಡಚ್ಚಿನ ‘ಮಾನ್’, ಗೋಥಿಕ್ ಭಾಷೆಯ ‘ಮೇನ’ ಇದರ ಒಡಹುಟ್ಟುಗಳು. ಇನ್ನೂ ಹಿಂದಕ್ಕೆ ಹೋದರೆ ಬಳಗ ದೊಡ್ಡದಾಗುತ್ತದೆ: ಗ್ರೀಕಿನಲ್ಲಿ ಚಂದ್ರನಿಗೆ ‘ಮೇನೇ’, ತಿಂಗಳಿಗೆ ‘ಮೇನ್’, ಲ್ಯಾಟಿನಿನಲ್ಲಿ ತಿಂಗಳಿಗೆ ‘ಮೆನ್ಸಿಸ್’, ಪಾರಸಿಯಲ್ಲಿ ಚಂದ್ರನಿಗೂ ತಿಂಗಳಿಗೂ ‘ಮಾಹ್’, ಸಂಸ್ಕೃತದಲ್ಲಿ ಎರಡಕ್ಕೂ ‘ಮಾಸ್’. ಇವನ್ನೆಲ್ಲ ಪಕ್ಕಪಕ್ಕದಲ್ಲಿಟ್ಟು ನೋಡಿದ ಭಾಷಾವಿಜ್ಞಾನಿಗಳು, ಇಂಡೋ-ಯುರೋಪಿಯನ್ ಭಾಷೆಗಳ ತಾಯಿನುಡಿಯಲ್ಲಿ ‘ಮೇನ್ಸ್’ ಎಂಬಂಥ ಒಂದು ಪದ ಇದ್ದಿರಬೇಕೆಂದು ಮರಳಿ ಕಟ್ಟಿದ್ದಾರೆ. ಅದನ್ನು ಯಾರೂ ಬರೆದಿಟ್ಟಿಲ್ಲ. ಮಕ್ಕಳ ಮುಖಗಳನ್ನು ನೋಡಿ ತಾಯಿಯ ಮುಖವನ್ನು ಊಹಿಸಿದ ಹಾಗೆ ಅದನ್ನು ಊಹಿಸಲಾಗಿದೆ.

ಆ ಪದದ ಬೇರು ‘ಅಳೆ’ ಎಂಬ ಅರ್ಥದ ಧಾತು ಎಂದು ಬಹುಪಾಲು ವಿದ್ವಾಂಸರು ಒಪ್ಪುತ್ತಾರೆ. ಸಂಸ್ಕೃತದ ‘ಮಾ’ ಧಾತು ಅದೇ. ನಾವು ಬಳಸುವ ಮಾಪನ, ಪ್ರಮಾಣ, ಮಿತಿ, ಪರಿಮಾಣ ಎಲ್ಲವೂ ಆ ಬೇರಿನ ಚಿಗುರುಗಳು. ಅಂದರೆ ‘ಮೂನ್’ ಎಂದರೆ ‘ಅಳೆಯುವವನು’.

ಚಂದ್ರ ಏನನ್ನು ಅಳೆಯುತ್ತಾನೆ?

ಕಾಲವನ್ನು. ಗಡಿಯಾರವಿಲ್ಲ, ಗೋಡೆಗೆ ತೂಗುಹಾಕುವ ಕ್ಯಾಲೆಂಡರ್ ಇಲ್ಲ. ದಿನಗಳನ್ನು ಎಣಿಸಬೇಕು ಎಂದರೆ ಏನು ಮಾಡಬೇಕು? ಸೂರ್ಯ ದಿನದಿನವೂ ಒಂದೇ ಆಕಾರದಲ್ಲಿ ಬರುತ್ತಾನೆ. ಚಂದ್ರ ಮಾತ್ರ ದಿನಕ್ಕೊಂದು ಆಕಾರ ತಾಳುತ್ತಾನೆ. ಒಂದು ಹುಣ್ಣಿಮೆಯಿಂದ ಇನ್ನೊಂದು ಹುಣ್ಣಿಮೆಗೆ ಸರಾಸರಿ 29.53 ದಿನ. ದನ ಕಾಯುವವನಿಂದ ಹಿಡಿದು ಬಸುರಿ ಹೆಂಗಸಿನವರೆಗೆ ಯಾರು ಬೇಕಾದರೂ ತಲೆಯೆತ್ತಿ ನೋಡಿ ಲೆಕ್ಕ ಹಿಡಿಯಬಹುದಾದ ಪಂಚಾಂಗ ಅದು.

ನಮ್ಮ ಪುರಾಣದ ಚಂದ್ರನಿಗೆ 27 ಹೆಂಡತಿಯರು, ಅಶ್ವಿನಿಯಿಂದ ರೇವತಿಯವರೆಗೆ. ದಿನಕ್ಕೊಬ್ಬಳ ಮನೆಯಲ್ಲಿ ಅವನ ವಾಸ. ನಕ್ಷತ್ರಗಳ ನಡುವೆ ಚಂದ್ರ ಹೊರಟ ಜಾಗಕ್ಕೆ ಮರಳಲು ಬೇಕಾದದ್ದು 27.32 ದಿನ. ಪುರಾಣದ ಒಡಲಲ್ಲೇ ಲೆಕ್ಕ ಅಡಗಿದೆ.

ಕನ್ನಡದಲ್ಲಿ ‘ಮೂನ್’ನ ಬಂಧುಗಳು ಯಾವುವು?

ನನಗೆ ತುಂಬ ಪ್ರಿಯವಾದ ಪ್ರಶ್ನೆ ಇದು. ಕನ್ನಡ ದ್ರಾವಿಡ ಭಾಷೆ, ಇಂಗ್ಲಿಷಿನ ವಂಶಕ್ಕೆ ಸೇರಿದ್ದಲ್ಲ. ಆದರೆ ಎರವಲು ಪದಗಳ ದಾರಿಯಲ್ಲಿ ‘ಮೂನ್’ನ ನೆಂಟರು ಮೂರು ಬಾಗಿಲುಗಳಿಂದ ನಮ್ಮ ಮನೆಯೊಳಗೆ ಬಂದಿದ್ದಾರೆ.

ಮೊದಲ ಬಾಗಿಲು ಸಂಸ್ಕೃತದ್ದು. ಮಾಸ, ಮಾಸಿಕ, ಮಾಸಾಶನ, ಚಾತುರ್ಮಾಸ್ಯ ಎಲ್ಲದರಲ್ಲೂ ಇರುವುದು ‘ಮೂನ್’ನ ಸಂಬಂಧಿಯೇ. ‘ಚಂದ್ರಮ’ ಎಂಬ ಪದವನ್ನು ಬಿಡಿಸಿದರೆ ‘ಚಂದ್ರ’ ಮತ್ತು ‘ಮಾಸ್’: ಹೊಳೆಯುವ ಮಾಸ್, ಎಂದರೆ ಹೊಳೆಯುವ ಮೂನ್. ‘ಚಂದ್ರ’ ಎಂಬುದು ಮೊದಲಿಗೆ ಬರೀ ವಿಶೇಷಣವಾಗಿತ್ತು, ‘ಹೊಳೆಯುವ’ ಎಂದಷ್ಟೇ ಅದರ ಅರ್ಥ. ಕಾಲಕ್ರಮದಲ್ಲಿ ವಿಶೇಷಣವೇ ಹೆಸರಾಗಿ ನಿಂತಿತು, ನಿಜವಾದ ಹೆಸರು ಚಂದ್ರಮನ ಕೊನೆಯ ‘ಮ’ದಲ್ಲಿ ಮುದುಡಿಕೊಂಡಿತು.

ಎರಡನೆಯದು ಪಾರಸಿಯ ಬಾಗಿಲು. ಸರ್ಕಾರಿ ಕಚೇರಿಯ ಪತ್ರಗಳಲ್ಲಿ ‘ಜೂನ್ ಮಾಹೆಯ ವೇತನ’ ಎಂದು ಓದಿರುತ್ತೀರಿ. ಆ ‘ಮಾಹೆ’ ಪಾರಸಿಯ ‘ಮಾಹ್’. ದಫ್ತರ, ತಾರೀಖು, ಖಜಾನೆಗಳ ಜೊತೆಯಲ್ಲಿ ಆಡಳಿತದ ಭಾಷೆಯಾಗಿ ಬಂದದ್ದು. ಸಂಬಳದ ಬಿಲ್ಲಿನಲ್ಲಿ ಕೂತಿರುವ ಆ ಒಣ ಪದದ ಅರ್ಥ ‘ಚಂದ್ರ’ ಎಂದು ತಿಳಿದ ದಿನ ನನಗಾದ ಸಂತೋಷ ಇನ್ನೂ ನೆನಪಿದೆ.

ಮೂರನೆಯದು ಇಂಗ್ಲಿಷ್. ಕಾಲೇಜಿನ ಹುಡುಗರು ದಿನಕ್ಕೆ ಹತ್ತು ಸಲ ಹೇಳುವ ‘ಸೆಮಿಸ್ಟರ್’ ಪದದಲ್ಲಿರುವುದು ‘ಅರ್ಧ’ ಎಂಬ ಅರ್ಥದ ‘ಸೆಮಿ’ ಎಂದು ಬಹಳ ಜನ ನಂಬಿದ್ದಾರೆ. ಹಾಗಲ್ಲ. ಲ್ಯಾಟಿನಿನಲ್ಲಿ ಆರಕ್ಕೆ ‘ಸೆಕ್ಸ್’, ತಿಂಗಳಿಗೆ ‘ಮೆನ್ಸಿಸ್’. ಎರಡೂ ಸೇರಿ ‘ಆರು ತಿಂಗಳಿನ’. ಇದರ ಪಕ್ಕದಲ್ಲಿ ಸಂಸ್ಕೃತದ ‘ಷಣ್ಮಾಸ’ವನ್ನು ಇಟ್ಟು ನೋಡಿ. ಷಟ್ ಮತ್ತು ಸೆಕ್ಸ್ ಒಂದೇ ಮೂಲದವು, ಮಾಸ ಮತ್ತು ಮೆನ್ಸಿಸ್ ಒಂದೇ ಮೂಲದವು. ಸೆಮಿಸ್ಟರಿನ ಎರಡೂ ಭಾಗಗಳಿಗೆ ಷಣ್ಮಾಸದಲ್ಲಿ ಒಡಹುಟ್ಟುಗಳಿವೆ.

‘ಫುಲ್ ಮೂನ್’ನ ವಿಷಯವೂ ಹೀಗೆಯೇ. ಇಂಗ್ಲಿಷಿನ ‘ಫುಲ್’ ಮತ್ತು ಸಂಸ್ಕೃತದ ‘ಪೂರ್ಣ’ ಒಂದೇ ಮೂಲಪದದಿಂದ ಹುಟ್ಟಿದವು. ಮೂಲದ ‘ಪ’ಕಾರ ಇಂಗ್ಲಿಷಿನ ವಂಶದಲ್ಲಿ ‘ಫ’ಕಾರವಾಗುತ್ತದೆ: ಪಿತೃ ಎಂಬಲ್ಲಿ ಫಾದರ್, ಪಾದ ಎಂಬಲ್ಲಿ ಫುಟ್, ಪೂರ್ಣ ಎಂಬಲ್ಲಿ ಫುಲ್. ವೈದಿಕರ ‘ದರ್ಶಪೂರ್ಣಮಾಸ’ ಯಾಗದ ಹೆಸರಿನಲ್ಲಿರುವ ‘ಪೂರ್ಣಮಾಸ’ವೂ ‘ಫುಲ್ ಮೂನ್’ ಕೂಡ ತುಂಡಿಗೆ ತುಂಡು ನೆಂಟರು. ನಮ್ಮ ‘ಹುಣ್ಣಿಮೆ’ಯೂ ಈ ‘ಪೂರ್ಣ’ದ ಮನೆಯದೇ. ಪೂರ್ಣಿಮಾ ಪ್ರಾಕೃತದಲ್ಲಿ ಪುಣ್ಣಿಮಾ ಆಗಿ, ಹಳಗನ್ನಡದ ‘ಪ’ಕಾರ ‘ಹ’ಕಾರವಾದಾಗ ಹುಣ್ಣಿಮೆ ಆಯಿತು. ಪಾಲು ಹಾಲಾದ ಹಾಗೆ.

ಚಂದ್ರ ಕುಗ್ಗುವುದಕ್ಕೆ ಇಂಗ್ಲಿಷಿನಲ್ಲಿ ‘ವೇನ್’ ಎನ್ನುತ್ತಾರೆ. ಅದರ ಸಂಬಂಧಿ ಸಂಸ್ಕೃತದ ‘ಊನ’. ಕೊರತೆ ಎಂಬ ಅರ್ಥದಲ್ಲಿ ನಾವು ‘ಊನ’, ‘ನ್ಯೂನತೆ’ ಎಂದು ಬಳಸುವುದು ಇದನ್ನೇ.

‘ತಿಂಗಳು’ ಕೂಡ ಇದೇ ವಂಶದ್ದೇ?

ಅಲ್ಲ. ‘ತಿಂಗಳು’ ಅಚ್ಚ ದ್ರಾವಿಡ ಪದ. ತಮಿಳು, ಮಲಯಾಳ, ಕೊಡವ, ತುಳು ಎಲ್ಲದರಲ್ಲೂ ಅದರ ರೂಪಗಳಿವೆ. ಆದರೂ ನೋಡಿ: ಹಳಗನ್ನಡದ ‘ತಿಂಗಳ್’ಗೆ ಚಂದ್ರ ಎಂದೂ ಅರ್ಥ, ಮಾಸ ಎಂದೂ ಅರ್ಥ. ತಮಿಳಿನಲ್ಲಿ ಸೋಮವಾರಕ್ಕೂ ಅದೇ ಪದ. ಇಂಗ್ಲಿಷಿನ ವಂಶದವರು ಆಕಾಶ ನೋಡಿ ಏನನ್ನು ಕಂಡುಕೊಂಡರೋ ಅದನ್ನೇ ದ್ರಾವಿಡ ಭಾಷೆಯವರು ತಾವಾಗಿಯೇ, ಯಾರಿಂದಲೂ ಸಾಲ ತರದೆ ಕಂಡುಕೊಂಡಿದ್ದರು.

ಇಂದಿನ ಕನ್ನಡದಲ್ಲಿ ಚಂದ್ರ ಎಂಬ ಅರ್ಥ ‘ತಿಂಗಳು’ ಪದದಿಂದ ಬಹುಮಟ್ಟಿಗೆ ಜಾರಿಹೋಗಿದೆ. ಉಳಿದಿರುವುದು ‘ಬೆಳದಿಂಗಳು’ ಎಂಬ ಪದದಲ್ಲಿ: ಬೆಳ್ ಎಂದರೆ ಬಿಳುಪು, ಬೆಳಗು; ಬೆಳದಿಂಗಳು ಎಂದರೆ ಬೆಳ್ಳನೆಯ ತಿಂಗಳು. ‘ತಿಂಗಳ ಬೆಳಕು’ ಎಂದು ಹಿರಿಯರು ಹೇಳುವಾಗಲೂ ಆ ಹಳೆಯ ಅರ್ಥ ಜೀವಂತವಾಗಿರುತ್ತದೆ.

ಅಮಾವಾಸ್ಯೆಯಲ್ಲೂ ‘ಮಾಸ’ ಇದೆಯಲ್ಲವೇ? ‘ಸೋಮ’, ‘ಮನಸ್ಸು’ ಕೂಡ ‘ಮೂನ್’ಗೆ ಸಂಬಂಧಿಸಿವೆಯೇ?

ಮೂರೂ ಇಲ್ಲ. ಅಕ್ಷರಗಳ ಹೋಲಿಕೆ ನೋಡಿ ನೆಂಟಸ್ತನ ಹೇಳುವುದು ಅಪಾಯದ ಕೆಲಸ, ಅದಕ್ಕೇ ಈ ಪ್ರಶ್ನೆಗೆ ಜಾಗ ಕೊಟ್ಟಿದ್ದೇನೆ. ಅಮಾವಾಸ್ಯೆ ಎಂಬಲ್ಲಿ ‘ಅಮಾ’ ಎಂದರೆ ಒಟ್ಟಿಗೆ, ‘ವಸ್’ ಎಂದರೆ ವಾಸಿಸು. ಸೂರ್ಯಚಂದ್ರರು ಒಟ್ಟಿಗೆ ವಾಸ ಮಾಡುವ ದಿನ ಎಂದು ತಾತ್ಪರ್ಯ. ಖಗೋಳದ ದೃಷ್ಟಿಯಿಂದಲೂ ಅದು ಕರಾರುವಾಕ್ಕಾದ ವರ್ಣನೆ. ಇನ್ನು ಸೋಮ ಮೊದಲಿಗೆ ಯಜ್ಞದಲ್ಲಿ ಹಿಂಡುತ್ತಿದ್ದ ಬಳ್ಳಿಯ ಮತ್ತು ಅದರ ರಸದ ಹೆಸರು. ಚಂದ್ರನಿಗೆ ಆ ಹೆಸರು ಆಮೇಲೆ ಬಂತು.

‘ಮನಸ್ಸು’ ಎಂಬುದನ್ನು ‘ಚಂದ್ರಮಾ ಮನಸೋ ಜಾತಃ’ ಎಂಬ ಪುರುಷಸೂಕ್ತದ ಮಾತಿನ ನೆನಪಿನಿಂದ ಕೇಳುತ್ತಾರೆ. ಸೂಕ್ತ ಚಂದ್ರನಿಗೂ ಮನಸ್ಸಿಗೂ ಕಟ್ಟುವ ಸಂಬಂಧ ಬೇರೆ, ಪದಗಳ ಹುಟ್ಟು ಬೇರೆ. ‘ಮನಸ್’ ಬಂದದ್ದು ‘ಚಿಂತಿಸು’ ಎಂಬ ಅರ್ಥದ ಧಾತುವಿನಿಂದ. ಇಂಗ್ಲಿಷಿನಲ್ಲಿ ಅದರ ಸಂಬಂಧಿ ‘ಮೈಂಡ್’, ‘ಮೂನ್’ ಅಲ್ಲ.

‘ಮೂನ್’ ಎಂದು ಉದ್ದವಾಗಿ ಹೇಳುತ್ತೇವೆ. ‘ಮಂತ್’, ‘ಮಂಡೇ’ ಎಂಬಲ್ಲಿ ಆ ದೀರ್ಘ ಎಲ್ಲಿ ಹೋಯಿತು?

ಹಳೆಯ ಇಂಗ್ಲಿಷಿನಲ್ಲಿ ಮೂರರಲ್ಲೂ ಒಂದೇ ದೀರ್ಘ ‘ಓ’ ಇತ್ತು: ಮೋನ, ಮೋನಥ್, ಮೋನನ್‌ದಯ್. ಮುಂದೆ ‘ಮಂತ್’ ಮತ್ತು ‘ಮಂಡೇ’ಯಲ್ಲಿ ನಡುವಿನ ಸ್ವರ ಬಿದ್ದು ಎರಡು ವ್ಯಂಜನಗಳು ಒತ್ತೊತ್ತಾಗಿ ಸೇರಿದವು. ಅಂಥ ಕಡೆ ಇಂಗ್ಲಿಷ್ ಹಿಂದಿನ ಸ್ವರವನ್ನು ಮೊಟಕು ಮಾಡುತ್ತದೆ. ಸುಮಾರು 15ರಿಂದ 17ನೆಯ ಶತಮಾನದವರೆಗೆ ಇಂಗ್ಲಿಷಿನ ದೀರ್ಘ ಸ್ವರಗಳೆಲ್ಲ ಸ್ಥಾನ ಬದಲಿಸಿದಾಗ ‘ಮೋನ್’ ‘ಮೂನ್’ ಆಯಿತು. ಅಷ್ಟರಲ್ಲಿ ಹ್ರಸ್ವವಾಗಿದ್ದ ಉಳಿದೆರಡು ಆ ಬದಲಾವಣೆಗೆ ಸಿಗಲಿಲ್ಲ.

ಮಂಡೇ ಚಂದ್ರನ ದಿನ, ಸೋಮವಾರವೂ ಚಂದ್ರನ ದಿನ. ಕಾಕತಾಳೀಯವೇ?

ಅಲ್ಲ. ಏಳು ಗ್ರಹಗಳ ಹೆಸರಿನ ವಾರಪದ್ಧತಿ ಗ್ರೀಕ್ ಪ್ರಭಾವದ ಮೆಡಿಟರೇನಿಯನ್ ಜಗತ್ತಿನಲ್ಲಿ ರೂಪುಗೊಂಡು ಎರಡು ದಿಕ್ಕಿಗೆ ಹರಡಿತು. ಪಶ್ಚಿಮದಲ್ಲಿ ರೋಮನ್ನರ ‘ಲೂನಾಳ ದಿನ’ವನ್ನು (ಲೂನಾ ಅವರ ಚಂದ್ರದೇವಿ) ಇಂಗ್ಲಿಷರ ಪೂರ್ವಿಕರು ಹಾಗೆಯೇ ತಮ್ಮ ನುಡಿಗೆ ತಂದುಕೊಂಡು ‘ಮೂನಿನ ದಿನ’ ಎಂದರು. ಇತ್ತ ಭಾರತದಲ್ಲಿ ಅದು ಸೋಮವಾರವಾಯಿತು. ಮಧ್ಯಪ್ರದೇಶದ ಏರಣದಲ್ಲಿ ಗುಪ್ತರ ಬುಧಗುಪ್ತನ ಕಾಲದ, 484ನೆಯ ಇಸವಿಯ ಸ್ತಂಭಶಾಸನದಲ್ಲಿ ‘ಸುರಗುರುವಿನ ದಿವಸ’ ಎಂದು ಗುರುವಾರದ ಉಲ್ಲೇಖವಿದೆ. ವಾರದ ಹೆಸರು ಹೇಳುವ ನಮ್ಮ ನಾಡಿನ ಹಳೆಯ ಶಾಸನಗಳಲ್ಲಿ ಅದು ಪ್ರಸಿದ್ಧವಾದದ್ದು.

ಇಂಗ್ಲಿಷ್ ಕವಿತೆಗಳಲ್ಲಿ ಚಂದ್ರನನ್ನು ‘ಅವಳು’ ಎನ್ನುವುದೇಕೆ?

ಮೊದಲು ಹಾಗಿರಲಿಲ್ಲ. ಹಳೆಯ ಇಂಗ್ಲಿಷಿನ ‘ಮೋನ’ ಪುಲ್ಲಿಂಗ, ಸೂರ್ಯನ ಹೆಸರು ‘ಸುನ್ನೆ’ ಸ್ತ್ರೀಲಿಂಗ. ಜರ್ಮನಿನಲ್ಲಿ ಇಂದಿಗೂ ಹಾಗೆಯೇ. ಸ್ಕ್ಯಾಂಡಿನೇವಿಯಾದ ಹಳೆಯ ನಾರ್ಸ್ ಪುರಾಣದಲ್ಲಿ ಚಂದ್ರ ‘ಮಾನಿ’ ಅಣ್ಣತಮ್ಮನ ಸ್ಥಾನದಲ್ಲಿದ್ದಾನೆ, ಸೂರ್ಯ ‘ಸೋಲ್’ ಅಕ್ಕತಂಗಿಯ ಸ್ಥಾನದಲ್ಲಿ. ಇಂಗ್ಲಿಷ್ ತನ್ನ ವ್ಯಾಕರಣಲಿಂಗವನ್ನು ಕಳೆದುಕೊಂಡ ಮೇಲೆ, ಲ್ಯಾಟಿನ್ ಮತ್ತು ಗ್ರೀಕ್ ಓದಿದ ಕವಿಗಳು ಲೂನಾ, ಸೆಲೀನೆ, ಡಯಾನಾ ಎಂಬ ದೇವಿಯರನ್ನು ತಂದು ಚಂದ್ರನನ್ನು ಹೆಣ್ಣಾಗಿಸಿದರು.

ಅನುವಾದಕನಿಗೆ ಇದು ದೊಡ್ಡ ತೊಡಕು. ನಮಗೆ ಚಂದ್ರ ರೋಹಿಣಿಯ ಗಂಡ, ಮಕ್ಕಳಿಗೆ ಚಂದಮಾಮ. ಅವನನ್ನು ಸೀರೆಯುಟ್ಟ ದೇವಿಯಾಗಿ ತೋರಿಸಿದರೆ ಓದುಗ ಎಡವುತ್ತಾನೆ. ಕವಿತೆಗೆ ಹೆಣ್ತನ ಬೇಕೇ ಬೇಕಾಗಿದ್ದರೆ ನಾನು ಬೆಳದಿಂಗಳನ್ನು ಹೆಣ್ಣಾಗಿಸುತ್ತೇನೆ, ಚಂದ್ರನನ್ನಲ್ಲ.

‘ಲೂನಾ’ ಮತ್ತು ‘ಮೂನ್’ ಒಂದೇ ಮೂಲದವೇ? ‘ಲುನಾಟಿಕ್’ ಎಂಬ ಪದಕ್ಕೂ ಚಂದ್ರನಿಗೂ ಏನು?

ಮೂಲ ಬೇರೆ. ‘ಲೂನಾ’ ಬಂದದ್ದು ‘ಬೆಳಗು’ ಎಂಬ ಅರ್ಥದ ಧಾತುವಿನಿಂದ. ಸಂಸ್ಕೃತದ ‘ರುಚ್’ ಅದರ ಸಂಬಂಧಿ. ಮೂನ್ ಅಳೆಯುವವನು, ಲೂನಾ ಬೆಳಗುವವಳು.

ಚಂದ್ರನ ಕಲೆಗಳ ಜೊತೆಗೆ ಬುದ್ಧಿಭ್ರಮಣೆ ಏರಿಳಿಯುತ್ತದೆ ಎಂಬ ಹಳೆಯ ನಂಬಿಕೆಯಿಂದ ಲ್ಯಾಟಿನಿನಲ್ಲಿ ‘ಚಂದ್ರಪೀಡಿತ’ ಎಂಬ ಪದ ಹುಟ್ಟಿತು, ಅದೇ ‘ಲುನಾಟಿಕ್’. ಶತಮಾನಗಳ ಕಾಲ ಅದು ಕಾನೂನಿನ ಪದವೂ ಆಗಿತ್ತು. ಬ್ರಿಟನ್ 1930ರ ಕಾಯ್ದೆಯಲ್ಲಿ ಅದನ್ನು ಕೈಬಿಟ್ಟಿತು. ನಮ್ಮಲ್ಲಿ 1912ರ ಇಂಡಿಯನ್ ಲುನಸಿ ಆ್ಯಕ್ಟ್ 1987ರ ಮಾನಸಿಕ ಆರೋಗ್ಯ ಕಾಯ್ದೆ ಬರುವವರೆಗೂ ಪುಸ್ತಕದಲ್ಲಿತ್ತು. ಬೆಂಗಳೂರಿನ ‘ಲುನಾಟಿಕ್ ಅಸೈಲಮ್’ ಮಾತ್ರ ಬಹಳ ಮೊದಲೇ, 1925ರಲ್ಲಿ, ಆ ಹೆಸರನ್ನು ಕಿತ್ತುಹಾಕಿ ‘ಮೆಂಟಲ್ ಹಾಸ್ಪಿಟಲ್’ ಆಯಿತು; ಇಂದಿನ ನಿಮ್ಹಾನ್ಸ್ ಆ ಸಂಸ್ಥೆಯ ಮುಂದುವರಿಕೆ. ರೋಗಿಯ ನೋವಿನ ಮೇಲೆ ಒಂದು ಮೂಢನಂಬಿಕೆಯ ಮುದ್ರೆ ಒತ್ತುವ ಪದ ಅದು. ಹಳೆಯ ದಾಖಲೆಯನ್ನು ಉದ್ಧರಿಸುವಾಗ ಹೊರತು ಬೇರೆಲ್ಲೂ ಅದನ್ನು ಬಳಸಬಾರದು ಎಂದು ನನ್ನ ಖಚಿತ ಅಭಿಪ್ರಾಯ.

ಗುರುಗ್ರಹದ ಉಪಗ್ರಹಗಳನ್ನೂ ‘ಮೂನ್’ ಎನ್ನುತ್ತಾರಲ್ಲ?

1610ರ ಜನವರಿಯವರೆಗೆ ಜಗತ್ತಿಗೆ ತಿಳಿದಿದ್ದ ‘ಮೂನ್’ ಒಂದೇ. ಆ ತಿಂಗಳಲ್ಲಿ ಗೆಲಿಲಿಯೋ ದೂರದರ್ಶಕದಿಂದ ಗುರುವಿನ ಸುತ್ತ ನಾಲ್ಕು ಚುಕ್ಕೆಗಳನ್ನು ಕಂಡ. ಅವನು ಅವನ್ನು, ಮೆಡಿಚಿ ಎಂಬ ಆಳುವ ಮನೆತನದ ಹೆಸರಿನಲ್ಲಿ, ‘ಮೆಡಿಚಿ ನಕ್ಷತ್ರಗಳು’ ಎಂದ. ಖಗೋಳ ವಿಜ್ಞಾನಿ ಕೆಪ್ಲರ್ ‘ಅಂಗರಕ್ಷಕ’ ಎಂಬ ಅರ್ಥದ ಲ್ಯಾಟಿನ್ ಪದವನ್ನು ಬಳಸಿದ, ‘ಸ್ಯಾಟಲೈಟ್’ ಹುಟ್ಟಿದ್ದು ಅದರಿಂದ. 1655ರಲ್ಲಿ ಶನಿಯ ಉಪಗ್ರಹ ಟೈಟನ್ ಅನ್ನು ಕಂಡ ಡಚ್ ವಿಜ್ಞಾನಿ ಹೈಗನ್ಸ್ ಅದನ್ನು ‘ಶನಿಯ ಲೂನಾ’ ಎಂದು ಕರೆದ. ಆ ಶತಮಾನದಲ್ಲೇ ಇಂಗ್ಲಿಷಿನಲ್ಲೂ ‘ಮೂನ್’ ಬಹುವಚನ ಪಡೆಯಿತು. ಶನಿಯೊಂದಕ್ಕೇ 2025ರ ಮಾರ್ಚ್ ವೇಳೆಗೆ 274 ಉಪಗ್ರಹಗಳು ಅಧಿಕೃತವಾಗಿ ದಾಖಲಾಗಿದ್ದವು.

ಅಂತರರಾಷ್ಟ್ರೀಯ ಖಗೋಳ ಒಕ್ಕೂಟದ ಪ್ರಕಾರ ನಮ್ಮ ಚಂದ್ರನಿಗೆ ಮೊದಲಕ್ಷರ ದೊಡ್ಡದಾಗಿರಬೇಕು, ಉಳಿದವುಗಳಿಗೆ ಚಿಕ್ಕದು. ನಮ್ಮ ಲಿಪಿಯಲ್ಲಿ ಆ ಅನುಕೂಲವಿಲ್ಲ. ‘ಚಂದ್ರ’, ‘ಉಪಗ್ರಹ’ ಎಂಬ ಎರಡು ಪದಗಳಿರುವುದರಿಂದ ಅದರ ಅಗತ್ಯವೂ ಇಲ್ಲ.

‘ನ್ಯೂ ಮೂನ್’ ಎಂದರೆ ಅಮಾವಾಸ್ಯೆಯೇ, ಬಿದಿಗೆಯ ಚಂದ್ರನೇ?

ಖಗೋಳ ವಿಜ್ಞಾನದಲ್ಲಿ ಅಮಾವಾಸ್ಯೆ. ಹಳೆಯ ಸಾಹಿತ್ಯದಲ್ಲಿ, ಧಾರ್ಮಿಕ ಬರಹಗಳಲ್ಲಿ ಹೆಚ್ಚಾಗಿ ಅಮಾವಾಸ್ಯೆ ಕಳೆದ ಮೇಲೆ ಪಶ್ಚಿಮದಲ್ಲಿ ಮೊದಲು ಕಾಣುವ ಎಳೆಯ ಗೆರೆ. ಈ ವ್ಯತ್ಯಾಸ ನೋಡದೆ ‘ಹೊಸ ಚಂದ್ರ’ ಎಂದು ಬರೆದರೆ ಎರಡೂ ಅರ್ಥ ಕೆಡುತ್ತದೆ. ಹಾಗೆಯೇ ‘ಕ್ರೆಸೆಂಟ್’ ಎಂಬ ಪದದ ಮೂಲಾರ್ಥ ‘ಬೆಳೆಯುತ್ತಿರುವ’ ಎಂದು. ಬಾಗಿದ ಎಳೆಚಂದ್ರನ ಆಕಾರದ ಹೆಸರಾದದ್ದು ಆಮೇಲೆ.

‘ಒನ್ಸ್ ಇನ್ ಎ ಬ್ಲೂ ಮೂನ್’: ಚಂದ್ರ ನಿಜವಾಗಿ ನೀಲಿಯಾಗುತ್ತಾನೆಯೇ?

ಅಪರೂಪಕ್ಕೆ ಆಗುತ್ತಾನೆ. 1883ರಲ್ಲಿ ಕ್ರಾಕಟೋವ ಜ್ವಾಲಾಮುಖಿ ಸಿಡಿದಾಗ, 1950ರ ಸೆಪ್ಟೆಂಬರಿನಲ್ಲಿ ಕೆನಡಾದ ಕಾಡ್ಗಿಚ್ಚಿನ ಹೊಗೆ ಬ್ರಿಟನ್ ತಲುಪಿದಾಗ ಜನ ನೀಲಿ ಚಂದ್ರನನ್ನು ಕಂಡರು. ಒಂದೇ ಗಾತ್ರದ ಸೂಕ್ಷ್ಮ ಕಣಗಳು ಗಾಳಿಯಲ್ಲಿ ತುಂಬಿ ಕೆಂಪು ಬೆಳಕನ್ನು ಚದುರಿಸಿದಾಗ ಹಾಗಾಗುತ್ತದೆ.

ಆದರೆ ನುಡಿಗಟ್ಟು ಹುಟ್ಟಿದ್ದು ಇದರಿಂದಲ್ಲ. 1528ರ ಒಂದು ಇಂಗ್ಲಿಷ್ ವಿಡಂಬನೆಯಲ್ಲಿ, ಪಾದ್ರಿಗಳು ಚಂದ್ರ ನೀಲಿ ಎಂದರೂ ನಾವು ನಿಜವೆಂದು ನಂಬಬೇಕು ಎಂಬ ಅರ್ಥದ ಸಾಲಿದೆ. ಅಲ್ಲಿ ನೀಲಿ ಚಂದ್ರ ಎಂದರೆ ಶುದ್ಧ ಅಸಂಬದ್ಧ. ‘ಎಂದೂ ಆಗದ್ದು’ ಎಂಬ ಅರ್ಥ ಮೆತ್ತಗಾಗುತ್ತ 19ನೆಯ ಶತಮಾನದ ಹೊತ್ತಿಗೆ ‘ಬಹಳ ಅಪರೂಪಕ್ಕೆ’ ಎಂದಾಯಿತು. ಕನ್ನಡದಲ್ಲಿ ಇದಕ್ಕೆ ‘ಅಮಾವಾಸ್ಯೆಗೊಮ್ಮೆ ಹುಣ್ಣಿಮೆಗೊಮ್ಮೆ’ ಎಂಬ ನುಡಿಗಟ್ಟು ಸಿದ್ಧವಾಗಿರುವಾಗ ‘ನೀಲಿ ಚಂದ್ರನಿಗೊಮ್ಮೆ’ ಎಂದು ಬರೆಯುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ.

ಒಂದೇ ಇಂಗ್ಲಿಷ್ ತಿಂಗಳಲ್ಲಿ ಬರುವ ಎರಡನೆಯ ಹುಣ್ಣಿಮೆ ಎಂಬ ಇಂದಿನ ಅರ್ಥ ಒಂದು ತಪ್ಪಿನ ಕೂಸು. ಅಮೆರಿಕದ ಮೇಯ್ನ್ ಪ್ರಾಂತ್ಯದ ರೈತರ ಪಂಚಾಂಗದಲ್ಲಿ, ಮೂರು ತಿಂಗಳ ಒಂದು ಋತುವಿನಲ್ಲಿ ನಾಲ್ಕು ಹುಣ್ಣಿಮೆಗಳು ಬಂದರೆ ಮೂರನೆಯದನ್ನು ‘ಬ್ಲೂ ಮೂನ್’ ಎನ್ನುತ್ತಿದ್ದರು. 1946ರಲ್ಲಿ ‘ಸ್ಕೈ ಆ್ಯಂಡ್ ಟೆಲಿಸ್ಕೋಪ್’ ಪತ್ರಿಕೆಯ ಲೇಖನವೊಂದರಲ್ಲಿ ಜೇಮ್ಸ್ ಹ್ಯೂ ಪ್ರೂಯೆಟ್ ಇದನ್ನು ತಪ್ಪಾಗಿ ಗ್ರಹಿಸಿ, ತಿಂಗಳ ಎರಡನೆಯ ಹುಣ್ಣಿಮೆ ಎಂದು ಬರೆದ. 1980ರಲ್ಲಿ ಒಂದು ರೇಡಿಯೋ ಕಾರ್ಯಕ್ರಮ ಅದನ್ನೇ ಹೇಳಿತು, ಅಲ್ಲಿಂದ ಮಾತು ಜಗತ್ತಿಗೆಲ್ಲ ಹಬ್ಬಿತು. 1999ರಲ್ಲಿ ಪತ್ರಿಕೆ ತನ್ನ ತಪ್ಪನ್ನು ಒಪ್ಪಿಕೊಂಡಿತು. ಅಷ್ಟರಲ್ಲಿ ತಪ್ಪೇ ರೂಢಿಯಾಗಿತ್ತು.

ನಮ್ಮವರಿಗೆ ಇದರ ಹಿಂದಿನ ಲೆಕ್ಕ ಹೊಸದಲ್ಲ. 12 ಚಾಂದ್ರಮಾಸಗಳಿಗೆ 354 ದಿನ, ಸೌರವರ್ಷಕ್ಕೆ 365. ವರ್ಷಕ್ಕೆ 11 ದಿನದಂತೆ ಉಳಿಯುವ ಅಂತರ ಒಟ್ಟುಗೂಡಿ ಒಂದು ತಿಂಗಳಾದಾಗ ಪಂಚಾಂಗದಲ್ಲಿ ಅಧಿಕಮಾಸ ಬರುತ್ತದೆ, ಅತ್ತ ಕ್ಯಾಲೆಂಡರಿನಲ್ಲಿ ಹದಿಮೂರನೆಯ ಹುಣ್ಣಿಮೆ ಇಣುಕುತ್ತದೆ. 19 ವರ್ಷಗಳಲ್ಲಿ 235 ಚಾಂದ್ರಮಾಸಗಳು. ವರ್ಷಕ್ಕೆ 12ರಂತೆ 228 ಸಾಮಾನ್ಯ ತಿಂಗಳುಗಳನ್ನು ಕಳೆದರೆ 7 ಹೆಚ್ಚುವರಿ. 2023ರಲ್ಲಿ ಅಧಿಕ ಶ್ರಾವಣವೂ ಬಂತು, ಆಗಸ್ಟ್ ಕೊನೆಯಲ್ಲಿ ಬ್ಲೂ ಮೂನೂ ಬಂತು; ಅದಕ್ಕೆ ಒಂದು ವಾರ ಮುಂಚೆ, ಆಗಸ್ಟ್ 23ರಂದು, ಚಂದ್ರಯಾನ-3 ಚಂದ್ರನ ನೆಲ ಮುಟ್ಟಿತ್ತು. 2026ರಲ್ಲಿ ಮೇ 1 ಮತ್ತು 31 ಎರಡೂ ಹುಣ್ಣಿಮೆ, ಆ ವರ್ಷ ಅಧಿಕ ಜ್ಯೇಷ್ಠ. ಪ್ರತಿ ಸಲವೂ ಎರಡು ಹೀಗೆ ಜೊತೆಗೂಡುತ್ತವೆ ಎಂದಲ್ಲ, ಆದರೆ ಎರಡರ ಕಾರಣವೂ ಒಂದೇ.

ಸ್ಟ್ರಾಬೆರಿ ಮೂನ್, ಪಿಂಕ್ ಮೂನ್ ದಿನ ಚಂದ್ರ ಕೆಂಪಾಗುತ್ತಾನೆಯೇ?

ಇಲ್ಲ. ಸುದ್ದಿವಾಹಿನಿಗಳು ಗುಲಾಬಿ ಬಣ್ಣ ಬಳಿದು ತೋರಿಸುವ ಚಿತ್ರಗಳನ್ನು ನಂಬಬೇಡಿ. ಇವು ಉತ್ತರ ಅಮೆರಿಕದ ಪಂಚಾಂಗಗಳಿಂದ ಬಂದ ತಿಂಗಳ ಹೆಸರುಗಳು. ಜೂನ್‌ನಲ್ಲಿ ಅಲ್ಲಿ ಸ್ಟ್ರಾಬೆರಿ ಹಣ್ಣಾಗುತ್ತದೆ, ಏಪ್ರಿಲ್‌ನಲ್ಲಿ ಫ್ಲಾಕ್ಸ್ ಎಂಬ ಗುಲಾಬಿ ಬಣ್ಣದ ಕಾಡುಹೂ ಅರಳುತ್ತದೆ, ಅಷ್ಟೇ. ನಮ್ಮ ಸೀಗೆ ಹುಣ್ಣಿಮೆ, ಕಾರ ಹುಣ್ಣಿಮೆಗಳು ಹೇಗೋ ಅವೂ ಹಾಗೆ, ನೆಲದ ಮೇಲಿನ ಬದುಕಿನಿಂದ ಹುಣ್ಣಿಮೆಗೆ ಇಟ್ಟ ಹೆಸರುಗಳು. ಇಂಗ್ಲೆಂಡಿನಲ್ಲೂ ಈ ರೂಢಿ ಹಳೆಯದು. 725ರ ಸುಮಾರಿಗೆ ಬೀಡ್ ಎಂಬ ಸನ್ಯಾಸಿ ಬರೆದಿಟ್ಟ ಹಳೆಯ ಮಾಸನಾಮಗಳಲ್ಲಿ ಅಕ್ಟೋಬರಿನ ಹೆಸರಿಗೆ ‘ಚಳಿಗಾಲದ ಹುಣ್ಣಿಮೆ’ ಎಂದು ಅರ್ಥ. ಮೇ ತಿಂಗಳ ಹೆಸರು ಹಸುಗಳನ್ನು ದಿನಕ್ಕೆ ಮೂರು ಸಲ ಕರೆಯುತ್ತಿದ್ದುದನ್ನು ಹೇಳುತ್ತದೆ.

‘ಸೂಪರ್‌ಮೂನ್’ ಮಾತ್ರ ತೀರ ಈಚಿನದು. 1979ರಲ್ಲಿ ರಿಚರ್ಡ್ ನೋಲ್ ಎಂಬ ಜ್ಯೋತಿಷಿ ಹುಟ್ಟಿಸಿದ ಪದ. ಹುಣ್ಣಿಮೆಯ ಅಥವಾ ಅಮಾವಾಸ್ಯೆಯ ಚಂದ್ರ ಭೂಮಿಗೆ ತೀರ ಸಮೀಪವಿದ್ದಾಗ ಹಾಗೆನ್ನುತ್ತಾರೆ. ಅತಿ ದೂರದಲ್ಲಿದ್ದಾಗಿನ ಹುಣ್ಣಿಮೆಗಿಂತ ಆಗ ಚಂದ್ರ ಹೆಚ್ಚೆಂದರೆ 14 ಶೇಕಡ ದೊಡ್ಡದಾಗಿ ಕಾಣುತ್ತಾನೆ.

‘ಹನಿಮೂನ್’ ಎಂಬುದು ಜೇನುಮದ್ಯದ ಪದ್ಧತಿಯಿಂದ ಬಂದದ್ದೇ?

ಮದುವೆಯಾದ ಮೇಲೆ ಒಂದು ತಿಂಗಳು ದಂಪತಿಗೆ ಜೇನುಮದ್ಯ ಕುಡಿಸುತ್ತಿದ್ದರು ಎಂಬ ಕಥೆ ಎಲ್ಲೆಡೆ ಸಿಗುತ್ತದೆ, ಆಧಾರ ಮಾತ್ರ ಸಿಗುವುದಿಲ್ಲ. ಪದ ಮೊದಲು ಕಾಣಿಸುವುದು 1546ರಲ್ಲಿ. 1552ರ ಒಂದು ನಿಘಂಟಿನಲ್ಲಿ ರಿಚರ್ಡ್ ಹ್ಯೂಲೋಯೆಟ್ ವಿವರಿಸುವ ಪ್ರಕಾರ, ಹೊಸದಾಗಿ ಮದುವೆಯಾದವರ ಪ್ರೀತಿ ಮೊದಲಿಗೆ ಉಕ್ಕುತ್ತದೆ, ಆಮೇಲೆ ಇಳಿಯುತ್ತದೆ. ಹುಣ್ಣಿಮೆ ಮುಗಿದ ಕೂಡಲೇ ಚಂದ್ರ ಕ್ಷಯಿಸತೊಡಗುವ ಹಾಗೆ. ಮೊದಲು ಇದು ಪ್ರವಾಸದ ಹೆಸರಲ್ಲ, ಕಾಲದ ಹೆಸರು, ಅದರಲ್ಲೂ ಕೊಂಚ ಎಚ್ಚರಿಕೆಯ ಮಾತು. ಕನ್ನಡದ ‘ಮಧುಚಂದ್ರ’ ಇದರ ನೇರ ಅನುವಾದ. ಕಿವಿಗೆ ಇಂಪಾಗಿದೆ, ನೆಲೆಯೂರಿದೆ. ಆದರೆ ಮೂಲದ ತಿರುಳು ಹಿಡಿದಿದ್ದರೆ ಅದು ‘ಮಧುಮಾಸ’ಕ್ಕೆ ಹತ್ತಿರವಾಗುತ್ತಿತ್ತು, ಆ ಪದ ನಮ್ಮಲ್ಲಿ ಮೊದಲೇ ಚೈತ್ರಕ್ಕೆ, ವಸಂತಕ್ಕೆ ಮೀಸಲಾಗಿತ್ತು.

‘ಮೂನ್‌ಶೈನ್’ ಕಳ್ಳಭಟ್ಟಿ ಆದದ್ದು ಹೇಗೆ?

ಮೊದಲ ಅರ್ಥ ಬೆಳದಿಂಗಳು. ನೀರಿನಲ್ಲಿ ಕಾಣುವ ಬೆಳದಿಂಗಳನ್ನು ಹಿಡಿಯಲಾಗದು ಎಂಬುದರಿಂದ ‘ಟೊಳ್ಳು ಮಾತು’ ಎಂಬ ಅರ್ಥ ಬಂತು. ಸುಂಕ ತಪ್ಪಿಸಿ ರಾತ್ರಿ ಹೊತ್ತು ಸಾಗಿಸುವ ಮದ್ಯಕ್ಕೆ ಆ ಹೆಸರು ಬಂದದ್ದು 18ನೆಯ ಶತಮಾನದಲ್ಲಿ. 1785ರ ಬೀದಿಮಾತಿನ ನಿಘಂಟಿನಲ್ಲಿ ಫ್ರಾನ್ಸಿಸ್ ಗ್ರೋಸ್, ಇಂಗ್ಲೆಂಡಿನ ಕೆಂಟ್ ಮತ್ತು ಸಸೆಕ್ಸ್ ಕರಾವಳಿಯಲ್ಲಿ ಕದ್ದು ತರುವ ಬಿಳಿ ಬ್ರಾಂದಿ ಎಂದು ಇದರ ಅರ್ಥ ಕೊಟ್ಟಿದ್ದಾನೆ. ಅಮೆರಿಕದಲ್ಲಿ ಅದು ಕಾಡಿನ ಮರೆಯಲ್ಲಿ ಇಳಿಸುವ ಸಾರಾಯಿಯಾಯಿತು.

‘ಟೊಳ್ಳು ಮಾತು’ ಎಂಬ ಅರ್ಥದ ಪ್ರಸಿದ್ಧ ಬಳಕೆ ಭೌತವಿಜ್ಞಾನಿ ರುದರ್‌ಫೋರ್ಡ್ ಅವರದು. 1933ರ ಸೆಪ್ಟೆಂಬರ್ 11ರಂದು ಲೆಸ್ಟರ್ ನಗರದಲ್ಲಿ ಮಾತನಾಡುತ್ತ, ಪರಮಾಣುವನ್ನು ಬದಲಿಸಿ ಶಕ್ತಿ ಪಡೆಯುತ್ತೇವೆ ಎನ್ನುವವರ ಮಾತು ಬರೀ ಮೂನ್‌ಶೈನ್ ಎಂದರು. ಅದನ್ನು ಪತ್ರಿಕೆಯಲ್ಲಿ ಓದಿ ಕೆರಳಿದ ಇನ್ನೊಬ್ಬ ಭೌತವಿಜ್ಞಾನಿ ಲಿಯೋ ಝಿಲಾರ್ಡ್, ಲಂಡನ್ನಿನ ರಸ್ತೆಯಲ್ಲಿ ನಡೆಯುತ್ತ, ಪರಮಾಣು ಶಕ್ತಿಗೆ ದಾರಿ ತೆರೆದ ಸರಪಳಿ ಕ್ರಿಯೆಯ ಕಲ್ಪನೆಗೆ ಬಂದರು.

ಐಟಿ ಕಂಪನಿಗಳ ‘ಮೂನ್‌ಲೈಟಿಂಗ್’?

1880ರ ದಶಕದ ಐರ್ಲೆಂಡಿನಲ್ಲಿ ಜಮೀನುದಾರರ ವಿರುದ್ಧ ರೈತ ಗುಂಪುಗಳು ರಾತ್ರಿ ನಡೆಸುತ್ತಿದ್ದ ದಾಳಿಗೆ ಈ ಹೆಸರಿತ್ತು. ಹಗಲು ಒಂದು ಕೆಲಸ, ರಾತ್ರಿ ಇನ್ನೊಂದು ಎಂಬ ಅರ್ಥ 1950ರ ದಶಕದ ಅಮೆರಿಕದಲ್ಲಿ ಬಂತು. 2022ರಲ್ಲಿ, ಮನೆಯಿಂದಲೇ ಕೆಲಸ ಮಾಡುವ ಕಾಲದಲ್ಲಿ, ಬೆಂಗಳೂರಿನ ಸಾಫ್ಟ್‌ವೇರ್ ವಲಯದಲ್ಲಿ ಇದು ದೊಡ್ಡ ಜಗಳವಾದಾಗ ಕನ್ನಡ ಪತ್ರಿಕೆಗಳಿಗೂ ಪದ ಬಂತು. ಇದನ್ನು ‘ಬೆಳದಿಂಗಳ ಕೆಲಸ’ ಎಂದರೆ ಯಾರಿಗೂ ತಿಳಿಯದು. ‘ಕದ್ದು ಮಾಡುವ ಎರಡನೆಯ ಕೆಲಸ’ ಎಂದು ಬಿಡಿಸಿ ಹೇಳುವುದೇ ಸರಿ.

ಕ್ರಿಯಾಪದವಾಗಿ ‘ಮೂನ್’ ಎಂದರೆ?

ಮಂಕಾಗಿ ಅಲೆಯುವುದು, ಯಾರನ್ನೋ ನೆನೆದು ಕನಸು ಕಾಣುತ್ತ ಕೂರುವುದು. ಇದು 19ನೆಯ ಶತಮಾನದ ಅರ್ಥ. ಪೃಷ್ಠವನ್ನು ಬೆತ್ತಲೆ ಮಾಡಿ ತೋರಿಸಿ ಅಣಕಿಸುವುದು ಎಂಬ ಇನ್ನೊಂದು ಅರ್ಥ 1960ರ ದಶಕದ ಅಮೆರಿಕದ ವಿದ್ಯಾರ್ಥಿಗಳದು. ಸಂದರ್ಭ ನೋಡದೆ ಅನುವಾದಿಸಬೇಡಿ.

ವಿಶ್ವಸಂಸ್ಥೆಯ ಮಾಜಿ ಮಹಾಕಾರ್ಯದರ್ಶಿ ಬಾನ್ ಕಿ ಮೂನ್ ಅವರ ಹೆಸರಿನಲ್ಲಿರುವುದು ಚಂದ್ರನೇ?

ಅಲ್ಲ. ಕೊರಿಯನ್ ಭಾಷೆಯ ಆ ಅಕ್ಷರಕ್ಕೆ ಬರಹ, ವಿದ್ಯೆ ಎಂದು ಅರ್ಥ. ದಕ್ಷಿಣ ಕೊರಿಯಾದ ಮಾಜಿ ಅಧ್ಯಕ್ಷ ಮೂನ್ ಜೇ ಇನ್ ಅವರ ಮನೆತನದ ಹೆಸರೂ ಅದೇ ಅಕ್ಷರ.

ಅನುವಾದದಲ್ಲಿ ‘ಮೂನ್’ ಬಂದಾಗಲೆಲ್ಲ ‘ಚಂದ್ರ’ ಎಂದು ಹಾಕಬಹುದೇ?

ಬೇಡ. ‘ಮೂನ್’ ಆಕಾಶದಲ್ಲಿದ್ದಾಗ ಚಂದ್ರ, ಎಣಿಕೆಯಲ್ಲಿದ್ದಾಗ ತಿಂಗಳು ಅಥವಾ ಹುಣ್ಣಿಮೆ. ‘ಮೆನಿ ಮೂನ್ಸ್ ಅಗೋ’ ಎಂಬುದನ್ನು ‘ಅನೇಕ ಚಂದ್ರರ ಹಿಂದೆ’ ಎಂದು ಬರೆದದ್ದನ್ನು ನಾನು ತಿದ್ದಿದ್ದೇನೆ. ‘ಎಷ್ಟೋ ಹುಣ್ಣಿಮೆಗಳ ಹಿಂದೆ’ ಎಂದರೆ ಕಾಲವೂ ಉಳಿಯುತ್ತದೆ, ಆಕಾಶವೂ ಉಳಿಯುತ್ತದೆ. ‘ಓವರ್ ದ ಮೂನ್’ ಎಂದರೆ ಹಿಗ್ಗಿ ಹೀರೇಕಾಯಿಯಾಗುವುದು. ‘ಮೂನ್‌ಶಾಟ್’ ಎಂಬುದಕ್ಕೆ, ಅದು ರಾಕೆಟ್ ಅಲ್ಲದೆ ಕಂಪನಿಯ ಯೋಜನೆಯಾಗಿದ್ದರೆ, ‘ಭಗೀರಥ ಪ್ರಯತ್ನ’ ಎನ್ನಬಹುದು. ‘ಹಾಫ್ ಮೂನ್’ ಬಂದಾಗ ಮಾತ್ರ ಕೊಂಚ ನಿಲ್ಲಿ: ನಮ್ಮಲ್ಲಿ ‘ಅರ್ಧಚಂದ್ರ ಪ್ರಯೋಗ’ ಎಂದರೆ ಕತ್ತು ಹಿಡಿದು ಹೊರದಬ್ಬುವುದು. ಕತ್ತಿಗೆ ಹಾಕಿದ ಕೈಯ ಹೆಬ್ಬೆರಳು ಮತ್ತು ತೋರುಬೆರಳುಗಳ ನಡುವಿನ ಬಾಗು ಅಷ್ಟಮಿಯ ಚಂದ್ರನ ಹಾಗಿರುತ್ತದೆ.